ಎರಡನೇ ಬೆಂಕಿಗೆ ಬರುವ ಕೆಂಪು

ಚಿನ್ನ ಬೆರೆಸಿದ ಗಾಜು ಕುಲುಮೆಯಿಂದ ಹೊರಬಂದಾಗ ಅದರಲ್ಲಿ ನೋಡುವಂಥದ್ದು ಏನೂ ಇರುವುದಿಲ್ಲ. ಬೇಗ ತಣಿಸಿದರೆ ನೀರಿನಷ್ಟೇ ತಿಳಿ, ಹೆಚ್ಚೆಂದರೆ ಒಂಚೂರು ಹಳದಿ. ದುಡ್ಡು ಕೊಟ್ಟು ಚಿನ್ನ ತಂದು, ಆಮ್ಲದಲ್ಲಿ ಕರಗಿಸಿ, ಮರಳಿನ ಜೊತೆ ಕಲಸಿ, ಗಂಟೆಗಟ್ಟಲೆ ಬೇಯಿಸಿದವನಿಗೆ ಮೊದಲ ಸಲ ಇದನ್ನು ನೋಡಿದಾಗ ಹೊಟ್ಟೆ ಉರಿದಿರಬೇಕು. ಆದರೆ ಅದೇ ಗಾಜನ್ನು ಮತ್ತೊಮ್ಮೆ ಬೆಂಕಿಗೆ ಹಿಡಿಯಬೇಕು. ಕರಗುವಷ್ಟಲ್ಲ, ಮೆತ್ತಗಾಗುವ ಹತ್ತಿರಕ್ಕೆ ಮಾತ್ರ. ಆಗ ಒಳಗಿಂದ ಕೆಂಪು ಏಳುತ್ತದೆ. ಯಾರೂ ಬಣ್ಣ ಹಚ್ಚಿಲ್ಲ, ಹೊಸದಾಗಿ ಏನನ್ನೂ ಸೇರಿಸಿಲ್ಲ. ಅದೇ ಗಾಜು, ಅದೇ ಚಿನ್ನ.

ಆಗುವುದು ಇಷ್ಟು. ಮೊದಲು ಚಿನ್ನದ ಪರಮಾಣುಗಳು ಗಾಜಿನೊಳಗೆ ಒಂಟಿ ಒಂಟಿಯಾಗಿ ಚದುರಿ ಕೂತಿರುತ್ತವೆ. ಎರಡನೇ ಬಿಸಿ ತಾಗಿದಾಗ ಅವಕ್ಕೆ ಸ್ವಲ್ಪ ಅಲುಗಾಡಲು ಅವಕಾಶ ಸಿಗುತ್ತದೆ. ಒಂದಕ್ಕೊಂದು ಅಂಟಿಕೊಂಡು ಕಣಗಳಾಗುತ್ತವೆ. ಒಂದು ಮಿಲಿಮೀಟರನ್ನು ಲಕ್ಷ ಭಾಗ ಮಾಡಿದರೆ ಒಂದು ಭಾಗ 10 ನ್ಯಾನೋಮೀಟರ್; ಈ ಕಣಗಳು ಅಂಥ ಒಂದೆರಡು ಭಾಗದಷ್ಟು ದಪ್ಪ. ಆ ಅಳತೆಗೆ ಬಂದ ಚಿನ್ನ ಹಳದಿಯಾಗಿ ಹೊಳೆಯುವುದಿಲ್ಲ. ಅದು ಬೆಳಕಿನಲ್ಲಿರುವ ಹಸಿರನ್ನು ನುಂಗಿಬಿಡುತ್ತದೆ, ಕೆಂಪನ್ನು ದಾಟಲು ಬಿಡುತ್ತದೆ. ಹತ್ತು ಕಿಲೋ ಗಾಜಿಗೆ ಒಂದೆರಡು ಗ್ರಾಂ ಚಿನ್ನ ಸಾಕು. ಬಿಸಿ ಕಡಿಮೆಯಾದರೆ ಬಣ್ಣ ಬರುವುದಿಲ್ಲ. ಜಾಸ್ತಿ ಹೊತ್ತು ಹಿಡಿದರೆ ಕಣಗಳು ಬೆಳೆದು ದಪ್ಪಗಾಗಿ ಗಾಜು ಕಂದುಗಟ್ಟಿ ಮಂಕಾಗುತ್ತದೆ, ಮತ್ತೆ ಕರಗಿಸದೆ ಅದನ್ನು ಸರಿ ಮಾಡಲಾಗದು.

ಗಾಜಿನ ಕಲೆಯ ಬಗ್ಗೆ ಓದುತ್ತಾ, ಸಿಕ್ಕಿದಲ್ಲಿ ನೋಡುತ್ತಾ ನನಗೆ ಗಟ್ಟಿಯಾಗಿ ಅನ್ನಿಸಿರುವುದು ಇದು: ಗಾಜಿನಲ್ಲಿ ಬಣ್ಣ ಅನ್ನುವುದು ಒಂದು ವಸ್ತುವಲ್ಲ, ಒಂದು ಘಟನೆ. ಬಿಸಿ, ದಪ್ಪ, ಕಾಲ, ಯಾವ ಕಡೆಯಿಂದ ಯಾವ ಬೆಳಕು ಬಿತ್ತು, ಇವೆಲ್ಲ ಸೇರಿದಾಗ ಅದು ಆಗುತ್ತದೆ. ಚಿತ್ರ ಬರೆಯುವವರು ಬಣ್ಣವನ್ನು ಕೊಂಡು ತರುತ್ತಾರೆ. ಗಾಜಿನವರು ಬಣ್ಣ ಬರುವುದಕ್ಕೆ ಬೇಕಾದ ಏರ್ಪಾಡು ಮಾಡಿ ಕಾಯುತ್ತಾರೆ. ಪ್ರಯೋಗಶಾಲೆಯಲ್ಲಿ ಕೂತವರೂ ಇದನ್ನೇ ಮಾಡುವುದು, ಹಾಗಾಗಿ ಈ ಕಲೆಯಲ್ಲಿ ವಿಜ್ಞಾನಿ ಎಲ್ಲಿ ಮುಗಿದು ಕಲಾವಿದ ಎಲ್ಲಿ ಶುರುವಾಗುತ್ತಾನೆ ಅಂತ ಗೆರೆ ಎಳೆಯಲು ಹೋದವರು ಸುಮ್ನೆ ಸುಸ್ತಾಗುತ್ತಾರೆ.

ಜರ್ಮನಿಯ ಯೋಹಾನ್ ಕುಂಕೆಲ್ ಅನ್ನುವ ರಸವಾದಿ 17ನೇ ಶತಮಾನದ ಕೊನೆಯಲ್ಲಿ ಪಾಟ್ಸ್‌ಡಾಮಿನಲ್ಲಿ ಈ ಚಿನ್ನದ ಕೆಂಪನ್ನು ಹದಕ್ಕೆ ತಂದ. ಅವನಿಗೆ ದೊರೆ ಒಂದು ಇಡೀ ದ್ವೀಪವನ್ನೇ ಕೊಟ್ಟಿದ್ದ, ಈಗ ಅದಕ್ಕೆ ನವಿಲು ದ್ವೀಪ ಅಂತ ಹೆಸರು. ಗುಟ್ಟು ಹೊರಗೆ ಹೋಗಬಾರದಲ್ಲ, ಅದಕ್ಕೆ. ಅವನಿಗೆ ಪರಮಾಣುವೂ ಗೊತ್ತಿಲ್ಲ, ನ್ಯಾನೋಮೀಟರೂ ಗೊತ್ತಿಲ್ಲ. ಗೊತ್ತಿದ್ದದ್ದು ಎರಡನೇ ಬೆಂಕಿ ಮಾತ್ರ. ಕೆಂಪಿಗೆ ಕಾರಣ ತೀರಾ ಸಣ್ಣ ಚಿನ್ನದ ಕಣಗಳು ಅಂತ 1857ರಲ್ಲಿ ಲಂಡನ್ನಿನಲ್ಲಿ ಹೇಳಿದವನು ಮೈಕೆಲ್ ಫ್ಯಾರಡೆ. ವಿದ್ಯುತ್ತಿನ ಫ್ಯಾರಡೆಯೇ. ಚಿನ್ನದ ಕಣಗಳನ್ನು ನೀರಿನಲ್ಲಿ ತೇಲಿಸಿ ಅವನು ಮಾಡಿದ ಕೆಂಪು ದ್ರವದ ಬಾಟಲಿಗಳು ಅಲ್ಲಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಈಗಲೂ ಇವೆ.

ಇನ್ನು ಲೈಕರ್ಗಸ್ ಬಟ್ಟಲು. ಗಾಜು, ಬೆಳಕು ಅಂತ ಮಾತು ಬಂದರೆ ಯಾರಾದರೂ ಇದರ ಫೋಟೋ ಕಳಿಸಿಯೇ ಕಳಿಸುತ್ತಾರೆ. 4ನೇ ಶತಮಾನದ ರೋಮನ್ ಬಟ್ಟಲು, ಸುಮಾರು 16 ಸೆಂಟಿಮೀಟರ್ ಎತ್ತರ, 1958ರಿಂದ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಮುಂದಿನಿಂದ ಬೆಳಕು ಬಿದ್ದರೆ ಮಂದವಾದ ಹಸಿರು. ಹಿಂದಿನಿಂದ ಅಥವಾ ಒಳಗಿನಿಂದ ಬೆಳಕು ಬಿಟ್ಟರೆ ಕಡು ಕೆಂಪು. ದ್ರಾಕ್ಷಿ ಬಳ್ಳಿಗೆ ಸಿಕ್ಕಿಹಾಕಿಕೊಂಡು ಒದ್ದಾಡುವ ಲೈಕರ್ಗಸ್ ರಾಜನ ಕಥೆಯನ್ನು ಗಾಜಿನ ಮೈಮೇಲೆ ಕೊರೆದಿದ್ದಾರೆ. ಒಳಗೆ ಬೆಳ್ಳಿ ಮತ್ತು ಚಿನ್ನ ಸೇರಿದ ಕಣಗಳಿವೆ ಅಂತ ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ತೋರಿಸಿಕೊಟ್ಟಿದೆ, ಅವು ಅಂದಾಜು 50ರಿಂದ 100 ನ್ಯಾನೋಮೀಟರ್. ನಮ್ಮ ಕೆಂಪು ಗಾಜಿನ ಕಣಗಳಿಗಿಂತ ದಪ್ಪ. ದಪ್ಪಗಿರುವುದರಿಂದಲೇ ಬೆಳಕನ್ನು ನುಂಗುವುದರ ಜೊತೆ ಒಂದಷ್ಟನ್ನು ಹಿಂದಕ್ಕೂ ಚೆಲ್ಲುತ್ತವೆ. ಹಿಂದಕ್ಕೆ ಬಂದದ್ದು ಹಸಿರು, ದಾಟಿ ಹೋದದ್ದು ಕೆಂಪು.

ಇದನ್ನು 'ರೋಮನ್ನರ ನ್ಯಾನೋ ತಂತ್ರಜ್ಞಾನ' ಅಂತ ಕರೆಯುವ ಒಂದು ಚಾಳಿ ಇದೆ. ನನಗೆ ಅದು ಅಷ್ಟಾಗಿ ಹಿಡಿಸುವುದಿಲ್ಲ. ಈ ಥರ ಬಣ್ಣ ಬದಲಿಸುವ ರೋಮನ್ ಗಾಜಿನ ತುಂಡುಗಳು ಜಗತ್ತಿನಲ್ಲಿ ಬೆರಳೆಣಿಕೆಯಷ್ಟೇ ಉಳಿದಿವೆ, ಇಡಿಯಾಗಿ ಉಳಿದಿರುವುದು ಇದೊಂದೇ. ಬೇಕೆಂದಾಗ ಮಾಡಲು ಬರುತ್ತಿದ್ದರೆ ಇನ್ನೂ ಒಂದಷ್ಟು ಸಿಗುತ್ತಿದ್ದವು ಅಲ್ವಾ? ಒಂದು ಹದ ಅಕಸ್ಮಾತ್ ಕೂಡಿಬಂದಿರಬೇಕು. ಆದರೆ ಅದು ಕೂಡಿಬಂದದ್ದನ್ನು ಗುರುತಿಸಿದವರು ಯಾರೋ ಇದ್ದರು. ಕೆಟ್ಟುಹೋದ ಪಾಕ ಅಂತ ಎಸೆಯದೆ, ಇದನ್ನು ತಿಂಗಳುಗಟ್ಟಲೆ ಕೂತು ಕೊರೆಯಬೇಕು ಅಂತ ತೀರ್ಮಾನ ಮಾಡಿದವರು. ನನ್ನ ಗೌರವವೆಲ್ಲ ಆ ಅನಾಮಿಕನಿಗೆ.

ಇದೇ ಚಿನ್ನದ ಆಟಕ್ಕೆ ಅಮೆರಿಕದ ಕಾರ್ನಿಂಗ್ ಗಾಜಿನ ಕಂಪನಿಯ ವಿಜ್ಞಾನಿ ಡೊನಾಲ್ಡ್ ಸ್ಟೂಕಿ ಇನ್ನೊಂದು ತಿರುವು ಕೊಟ್ಟ. ಗಾಜಿಗೆ ಚಿನ್ನದ ಜೊತೆ ಸೀರಿಯಂ ಅನ್ನುವ ಲೋಹವನ್ನು ಒಂದಿಷ್ಟು ಸೇರಿಸಿ, ತಣಿದ ಮೇಲೆ ಅದರ ಮೇಲೆ ಫೋಟೋ ನೆಗೆಟಿವ್ ಇಟ್ಟು ನೇರಳಾತೀತ ಬೆಳಕು ಬಿಡುವುದು. ಆಗಲೂ ಕಣ್ಣಿಗೆ ಏನೂ ಕಾಣುವುದಿಲ್ಲ. ಬೆಳಕು ಬಿದ್ದ ಜಾಗದಲ್ಲಿ ಸೀರಿಯಂ ಒಂದು ಎಲೆಕ್ಟ್ರಾನ್ ಬಿಟ್ಟುಕೊಟ್ಟಿರುತ್ತದೆ, ಅದನ್ನು ಚಿನ್ನ ಹಿಡಿದುಕೊಂಡಿರುತ್ತದೆ, ಅಷ್ಟೇ. ಆಮೇಲೆ ಬಿಸಿ ಮಾಡಿದರೆ ಬೆಳಕು ಬಿದ್ದ ಕಡೆ ಮಾತ್ರ ಕಣಗಳು ಬೆಳೆಯುತ್ತವೆ, ಗಾಜಿನ ಮೈಯೊಳಗೇ ಚಿತ್ರ ಮೂಡುತ್ತದೆ. ಮೇಲ್ಮೈಯಲ್ಲಿ ಅಲ್ಲ, ಆಳದಲ್ಲಿ. 1947ರಲ್ಲಿ ಇದು ಹೊರಬಂದಾಗ ಗಾಜು ಅನ್ನುವುದು ಫೋಟೋ ಕಾಗದದ ಕೆಲಸ ಮಾಡಿತ್ತು. ಇದೇ ಸ್ಟೂಕಿಯ ಕುಲುಮೆ 1950ರ ದಶಕದ ಆರಂಭದಲ್ಲಿ ಕೈಕೊಟ್ಟಿತು. 600 ಡಿಗ್ರಿ ಬೇಕಿತ್ತು, 900ಕ್ಕೆ ಏರಿಬಿಟ್ಟಿತ್ತು. ಒಳಗಿದ್ದ ಗಾಜು ಹರಿದು ಕುಲುಮೆ ಹಾಳಾಗಿರುತ್ತದೆ ಅಂದುಕೊಂಡು ಬಾಗಿಲು ತೆಗೆದರೆ, ತುಂಡು ಬೆಳ್ಳಗಾಗಿ ಹಾಗೇ ಕೂತಿದೆ. ಇಕ್ಕಳದಿಂದ ಜಾರಿ ನೆಲಕ್ಕೆ ಬಿದ್ದಾಗ ಲೋಹದಂತೆ ಠಣ್ ಅಂತು, ಒಡೆಯಲಿಲ್ಲ. ಗಾಜು ತನ್ನೊಳಗೇ ಹರಳುಗಟ್ಟಿ ಬೇರೆಯೇ ವಸ್ತುವಾಗಿತ್ತು. ಗ್ಲಾಸ್ ಸೆರಾಮಿಕ್ ಹುಟ್ಟಿದ್ದು ಹೀಗೆ. ಅಮೆರಿಕದ ಅಡುಗೆಮನೆಗಳಿಗೆ ಬಂದ ಕಾರ್ನಿಂಗ್‌ವೇರ್ ಪಾತ್ರೆಗಳೂ ಇದರಿಂದಲೇ.

ಕಾರ್ನಿಂಗ್ ಅಂದರೆ ನನಗೆ ಇನ್ನೊಂದು ಮನೆತನ ನೆನಪಾಗುತ್ತದೆ. ಅಲ್ಲಿನ ಭೌತವಿಜ್ಞಾನಿ ಜೆಸ್ಸಿ ಲಿಟಲ್‌ಟನ್ 1913ರಲ್ಲಿ ಬ್ಯಾಟರಿಯ ಗಾಜಿನ ಜಾಡಿಯೊಂದರ ತಳ ಕತ್ತರಿಸಿ ಮನೆಗೆ ತಂದಾಗ, ಹೆಂಡತಿ ಬೆಸ್ಸಿ ಅದರಲ್ಲಿ ಕೇಕ್ ಬೇಯಿಸಿ ತೋರಿಸಿದರು. ಓವನ್ನಿನ ಬಿಸಿ ತಡೆಯುವ ಪೈರೆಕ್ಸ್ ಗಾಜಿನ ಪಾತ್ರೆಗೆ ದಾರಿ ಆದದ್ದು ಆ ಕೇಕು. ಅವರ ಮಗ ಹಾರ್ವೆ ಗಾಜಿನ ಫ್ಯಾಕ್ಟರಿಯ ಊರಿನಲ್ಲೇ ಬೆಳೆದ, ಆದರೆ ಓದಿ ಕಲಿಸಲು ಹೋದದ್ದು ಕುಂಬಾರಿಕೆಯನ್ನು. ಗಾಜು ಅಂದರೆ ಫ್ಯಾಕ್ಟರಿ, ಹತ್ತಾರು ಜನರ ತಂಡ, ದೊಡ್ಡ ಕುಲುಮೆ; ಒಬ್ಬ ಕಲಾವಿದ ಒಂಟಿಯಾಗಿ ಮಾಡುವ ಕೆಲಸವೇ ಅಲ್ಲ ಅಂತ ಆಗ ಎಲ್ಲರೂ ನಂಬಿದ್ದರು. ಹಾರ್ವೆ ಲಿಟಲ್‌ಟನ್ 1962ರಲ್ಲಿ ಓಹಾಯೋದ ಟೊಲೀಡೊ ಕಲಾ ಮ್ಯೂಸಿಯಂ ಆವರಣದ ಒಂದು ಗ್ಯಾರೇಜಿನಲ್ಲಿ ಚಿಕ್ಕ ಕುಲುಮೆ ಕಟ್ಟಿ ಕಾರ್ಯಾಗಾರ ನಡೆಸಿದ. ಮೊದಲು ಕಲಸಿದ ಪಾಕ ಊದಲು ಬರಲೇ ಇಲ್ಲ. ಆಗ ಕೈಹಿಡಿದವನು ಗ್ಲಾಸ್ ಫೈಬರ್ ಉದ್ಯಮದ ಸಂಶೋಧಕ ಡೊಮಿನಿಕ್ ಲಬೀನೊ. ಫೈಬರ್ ಎಳೆಯಲು ಫ್ಯಾಕ್ಟರಿಯಲ್ಲಿ ಬಳಸುವ ಗಾಜಿನ ಗೋಲಿಗಳನ್ನು ತಂದು ಕುಲುಮೆಗೆ ಸುರಿಸಿದ. ಅವು ಕಡಿಮೆ ಬಿಸಿಗೇ ಕರಗಿದವು, ಎಲ್ಲರೂ ಊದಿದರು. ಇವತ್ತು ಸ್ಟುಡಿಯೊ ಗ್ಲಾಸ್ ಅಂತ ಜಗತ್ತಿನಾದ್ಯಂತ ನಡೆಯುತ್ತಿರುವುದರ ದೊಡ್ಡ ಪಾಲು ಆ ಗೋಲಿಗಳಿಂದ ಬಂದದ್ದು.

ಆದರೆ ನನ್ನ ಮನಸ್ಸು ಹೆಚ್ಚು ನಿಲ್ಲುವುದು ಊದಿದ ಗಾಜಿನ ಹತ್ತಿರ ಅಲ್ಲ, ಎರಕ ಹೊಯ್ದ ಗಾಜಿನ ಹತ್ತಿರ. ಅದರಲ್ಲೂ ಝೆಕ್ ದಂಪತಿ ಸ್ಟಾನಿಸ್ಲಾವ್ ಲಿಬೆನ್ಸ್ಕಿ ಮತ್ತು ಯಾರೊಸ್ಲಾವಾ ಬ್ರಿಖ್ತೋವಾ. ಝೆಲೆಜ್ನಿ ಬ್ರೋಡ್ ಅನ್ನುವ ಗಾಜಿನ ಊರಿನಲ್ಲಿ 1950ರ ದಶಕದಲ್ಲಿ ಒಟ್ಟಿಗೆ ಕೆಲಸ ಶುರು ಮಾಡಿದರು. ಲಿಬೆನ್ಸ್ಕಿ ಚಿತ್ರ ಬಿಡಿಸುತ್ತಿದ್ದರು, ಬ್ರಿಖ್ತೋವಾ ಮಣ್ಣಿನಲ್ಲಿ ರೂಪ ಕೊಡುತ್ತಿದ್ದರು. ಮಣ್ಣಿನ ಮೂರ್ತಿಯಿಂದ ಅಚ್ಚು, ಅಚ್ಚಿನೊಳಗೆ ಗಾಜಿನ ತುಂಡುಗಳು, ಅಚ್ಚಿನ ಸಮೇತ ಕುಲುಮೆಗೆ. 2002ರಲ್ಲಿ ಲಿಬೆನ್ಸ್ಕಿ ತೀರಿಕೊಳ್ಳುವವರೆಗೂ ಇಬ್ಬರೂ ಜೊತೆಗೇ ಮಾಡಿದರು.

ಅವರ ಒಂದು ಕೃತಿಯಲ್ಲಿ ಸಾಮಾನ್ಯವಾಗಿ ಇರುವುದು ಒಂದೇ ಬಣ್ಣದ ಗಾಜು. ಆದರೆ ನೋಡುವಾಗ ಹತ್ತು ಬಣ್ಣ ಕಾಣುತ್ತದೆ. ಇದರ ಲೆಕ್ಕ ಸುಲಭ. ಒಂದು ಗಾಜು ಒಂದು ಸೆಂಟಿಮೀಟರ್ ದಪ್ಪಕ್ಕೆ ಅರ್ಧ ಬೆಳಕನ್ನು ಬಿಡುತ್ತದೆ ಅಂತಿಟ್ಟುಕೊಳ್ಳಿ. ಎರಡು ಸೆಂಟಿಮೀಟರಿಗೆ ಕಾಲು ಭಾಗ, ಮೂರಕ್ಕೆ ಎಂಟರಲ್ಲೊಂದು, ಹತ್ತಕ್ಕೆ ಬಂದರೆ ಸಾವಿರದಲ್ಲೊಂದು. ಹಾಗಾಗಿ ತೆಳು ಅಂಚಿನಲ್ಲಿ ಬೆಳಗಿನ ಆಕಾಶದ ತಿಳಿ, ನಡುವಿನ ದಪ್ಪದಲ್ಲಿ ಹೆಚ್ಚುಕಡಿಮೆ ಕಪ್ಪು, ನಡುವೆ ಇರುವ ಎಲ್ಲಾ ಮೆಟ್ಟಿಲುಗಳೂ ಒಂದೇ ಗಾಜಿನಿಂದಲೇ. ಅವರು ಆಕಾರವನ್ನು ಕೆತ್ತುತ್ತಿರಲಿಲ್ಲ ಅಂತಲೇ ನನಗೆ ಅನ್ನಿಸುವುದು, ದಪ್ಪವನ್ನು ಕೆತ್ತುತ್ತಿದ್ದರು. ಹಿಂಬದಿಯಿಂದ ಒಳಕ್ಕೆ ತಗ್ಗು ತೆಗೆದು ಒಂದು ಮುಖವನ್ನೋ ಗೋಳವನ್ನೋ ಖಾಲಿ ಜಾಗವಾಗಿ ಬಿಡುತ್ತಿದ್ದರು. ಮುಂದೆ ನಿಂತು ನೋಡಿದರೆ ಅಲ್ಲಿ ಇಲ್ಲದ ವಸ್ತುವೇ ಬೆಳಗುತ್ತದೆ, ಯಾಕೆಂದರೆ ಅಲ್ಲಿ ಗಾಜು ತೆಳು. ಪ್ರಾಗ್‌ನ ಸೇಂಟ್ ವೀಟಸ್ ಕೆಥೆಡ್ರಲ್ಲಿನ ವೆನ್ಸೆಸ್ಲಾಸ್ ಚಾಪೆಲಿಗೆ 1960ರ ದಶಕದಲ್ಲಿ ಇವರು ಮಾಡಿದ ಕಿಟಕಿಗಳಿವೆ. ಚರ್ಚಿನ ಕಿಟಕಿ ಅಂದರೆ ಸಂತರ ಚಿತ್ರ, ಕಥೆ ಅಂತ ನಿರೀಕ್ಷಿಸಿ ಹೋದವರಿಗೆ ಅಲ್ಲಿ ಸಿಗುವುದು ಬೆಳಕು ಮಾತ್ರ.

ದೊಡ್ಡ ಎರಕದ ಕಷ್ಟ ಬಿಸಿ ಮಾಡುವುದಲ್ಲ, ತಣಿಸುವುದು. ಹೊರಮೈ ಬೇಗ ತಣಿದು ಕುಗ್ಗುತ್ತದೆ, ಒಳಗಿನದು ಇನ್ನೂ ಬಿಸಿ. ಆಮೇಲೆ ಒಳಗಿನದು ಕುಗ್ಗಲು ಹೊರಟರೆ ಹೊರಗಿನದು ಬಿಡುವುದಿಲ್ಲ. ಆ ಎಳೆದಾಟ ಗಾಜಿನಲ್ಲಿ ಹಾಗೇ ಉಳಿದುಬಿಡುತ್ತದೆ. ಒಂದು ದಿನ ಕಾರಣವೇ ಇಲ್ಲದೆ ಢಬ್ ಅಂತ ಸೀಳುತ್ತದೆ. ಅದಕ್ಕೇ ಕುಲುಮೆಯನ್ನು ಗಂಟೆಗೆ ಇಷ್ಟು ಡಿಗ್ರಿ ಅಂತ ಇಳಿಸುತ್ತಾ ವಾರಗಟ್ಟಲೆ, ದೊಡ್ಡ ಎರಕಕ್ಕೆ ತಿಂಗಳುಗಟ್ಟಲೆ ಕಾಯುತ್ತಾರೆ. ದಪ್ಪ ಎರಡರಷ್ಟಾದರೆ ಕಾಯುವ ಕಾಲ ಹೆಚ್ಚುಕಡಿಮೆ ನಾಲ್ಕರಷ್ಟಾಗುತ್ತದೆ. ಕ್ಯಾಲಿಫೋರ್ನಿಯಾದ ಪಾಲೊಮಾರ್ ಟೆಲಿಸ್ಕೋಪಿನ 5 ಮೀಟರ್ ಅಗಲದ ಕನ್ನಡಿಗೆ 1934ರ ಡಿಸೆಂಬರಿನಲ್ಲಿ ಕಾರ್ನಿಂಗಿನಲ್ಲಿ ಎರಕ ಹೊಯ್ದರು. ತಣಿಯಲು ಹತ್ತು ತಿಂಗಳು ಹಿಡಿಯಿತು, ಅದರ ನಡುವೆ ಊರಿನ ಹೊಳೆ ಉಕ್ಕಿ ಫ್ಯಾಕ್ಟರಿಗೆ ನೀರು ಬೇರೆ. ಅದಕ್ಕೂ ಮೊದಲು ಹೊಯ್ದ ಒಂದು ತಟ್ಟೆ ಅಚ್ಚಿನ ಭಾಗಗಳು ಕಿತ್ತು ತೇಲಿ ಹಾಳಾಗಿತ್ತು, ಅದು ಈಗ ಕಾರ್ನಿಂಗಿನ ಗಾಜಿನ ಮ್ಯೂಸಿಯಮ್ಮಿನಲ್ಲಿದೆ. ಸೋತದ್ದನ್ನು ಹೀಗೆ ಎಲ್ಲರ ಕಣ್ಣಿಗೆ ಕಾಣುವಂತೆ ಇಡುವ ಧೈರ್ಯ ಎಲ್ಲರಿಗೂ ಇರುವುದಿಲ್ಲ.

ಈ ಎಳೆದಾಟವನ್ನೇ ಬೇಕೆಂದು ಗಾಜಿನೊಳಗೆ ಕೂರಿಸಿದರೆ? ಕರಗಿದ ಗಾಜಿನ ಹನಿಯನ್ನು ತಣ್ಣೀರಿಗೆ ಬಿಟ್ಟರೆ ಬಾಲವಿರುವ ಗೊದಮೊಟ್ಟೆಯಂಥ ಆಕಾರ ಆಗುತ್ತದೆ, ಅದಕ್ಕೆ ಪ್ರಿನ್ಸ್ ರೂಪರ್ಟನ ಹನಿ ಅಂತ ಹೆಸರು. ತಲೆಗೆ ಸುತ್ತಿಗೆಯಲ್ಲಿ ಹೊಡೆದರೂ ಜಗ್ಗುವುದಿಲ್ಲ. ಬಾಲ ಚಿವುಟಿದರೆ ಇಡೀ ಹನಿ ಪುಡಿಪುಡಿ. 1990ರ ದಶಕದಲ್ಲಿ ಚಂದ್ರಶೇಖರ್ ಮತ್ತು ಚೌಧರಿ ಅನ್ನುವ ಇಬ್ಬರು ವಿಜ್ಞಾನಿಗಳು ಅತಿವೇಗದ ಕ್ಯಾಮೆರಾ ಇಟ್ಟು ನೋಡಿದಾಗ ಬಿರುಕು ಸೆಕೆಂಡಿಗೆ ಒಂದೂವರೆ ಕಿಲೋಮೀಟರಿಗಿಂತ ಜಾಸ್ತಿ ವೇಗದಲ್ಲಿ ಓಡುತ್ತಿತ್ತು. ನಮ್ಮ ಬಸ್ಸುಗಳ ಪಕ್ಕದ ಗಾಜೂ ಇದೇ ವಂಶದ್ದು. ಬಿಸಿ ಗಾಜಿನ ಮೇಲೆ ಸಾಲು ಸಾಲು ತೂತುಗಳಿಂದ ತಣ್ಣನೆ ಗಾಳಿ ಊದಿ ಗಟ್ಟಿ ಮಾಡಿರುತ್ತಾರೆ, ಅದಕ್ಕೇ ಒಡೆದಾಗ ಕತ್ತಿಯಂತೆ ಸೀಳದೆ ಕಲ್ಲುಸಕ್ಕರೆಯಂತೆ ಉದುರುತ್ತದೆ. ಒಂದೇ ದಿಕ್ಕಿಗೆ ಕಂಪಿಸುವ ಬೆಳಕನ್ನಷ್ಟೇ ಬಿಡುವ ಪೋಲರೈಸ್ಡ್ ಕೂಲಿಂಗ್ ಗ್ಲಾಸ್ ಇದ್ದರೆ ಬೆಳಿಗ್ಗೆಯೋ ಸಂಜೆಯೋ ಅದನ್ನು ಹಾಕಿಕೊಂಡು ಕಿಟಕಿಯ ಗಾಜನ್ನು ಓರೆಯಾಗಿ ನೋಡಿ. ಸಾಲು ಸಾಲು ಮಚ್ಚೆಗಳು ಕಾಣುತ್ತವೆ, ಕೆಲವು ಸಲ ಅಂಚಿನಲ್ಲಿ ಬಣ್ಣವೂ. ಅವು ಕೊಳೆಯಲ್ಲ. ಫ್ಯಾಕ್ಟರಿಯಲ್ಲಿ ಆ ಗಾಳಿ ತಾಗಿದ ಗುರುತುಗಳು. ಗಾಜಿನೊಳಗಿನ ಎಳೆದಾಟ ಬೆಳಕಿನಲ್ಲಿ ಕಾಣುವುದು ಹಾಗೆ. ಕಲಾವಿದರೂ ತಮ್ಮ ಎರಕ ಸರಿಯಾಗಿ ತಣಿದಿದೆಯೇ ಅಂತ ಪರೀಕ್ಷಿಸುವುದು ಎರಡು ಪೋಲರೈಸರ್ ಹಾಳೆಗಳ ನಡುವೆ ಇಟ್ಟೇ.

ಹೀಗೆ ಇನ್ನೊಂದು ಕನ್ನಡಕದ ಕಥೆ. ಬೆಂಗಳೂರಿನ ಒಂದು ಪ್ರಯೋಗಶಾಲೆಯಲ್ಲಿ ವಿಜ್ಞಾನಿಗಳಿಗೆ ಬೇಕಾದ ಗಾಜಿನ ಉಪಕರಣ ಮಾಡಿಕೊಡುವ ವಿಭಾಗಕ್ಕೆ ಹೋಗಿದ್ದೆ. ಹಿರಿಯರೊಬ್ಬರು ಜ್ವಾಲೆಯಲ್ಲಿ ಕೊಳವೆ ತಿರುಗಿಸುತ್ತಿದ್ದರು. ಗಾಜು ಬಿಸಿಯಾದ ಕೂಡಲೇ ಬೆಂಕಿ ಕಣ್ಣು ಕೋರೈಸುವ ಹಳದಿಗೆ ತಿರುಗಿತು, ಒಳಗೆ ಗಾಜು ಎಲ್ಲಿದೆ ಅಂತಲೇ ತಿಳಿಯದು. ನಾನು ಕಣ್ಣು ಕಿರಿದು ಮಾಡಿದ್ದು ನೋಡಿ, "ಇದನ್ನ ಹಾಕ್ಕೊಳ್ಳಿ ಸಾರ್, ಆಮೇಲೆ ನೋಡಿ" ಅಂತ ತಮ್ಮ ಇನ್ನೊಂದು ಕನ್ನಡಕ ಕೊಟ್ಟರು. ಹಾಕಿಕೊಂಡೆ. ಹಳದಿ ಪೂರ್ತಿ ಮಾಯ. ತಿಳಿನೀಲಿ ಜ್ವಾಲೆ, ಅದರ ನಡುವೆ ಬಾಗುತ್ತಿರುವ ಕೊಳವೆಯ ಅಂಚು, ಅವರ ಎರಡೂ ಕೈಯ ಹೆಬ್ಬೆರಳು ಒಂದೇ ತಾಳಕ್ಕೆ ಉರುಳುತ್ತಿರುವುದು, ಎಲ್ಲಾ ಸ್ಪಷ್ಟ. ಗಾಜಿನಲ್ಲಿರುವ ಸೋಡಿಯಂ ಬಿಸಿಗೆ ಹಳದಿ ಬೆಳಕು ಚೆಲ್ಲುತ್ತದೆ, ಆ ಕನ್ನಡಕದ ಗಾಜಿನಲ್ಲಿರುವ ನಿಯೊಡಿಮಿಯಂ ಮತ್ತು ಪ್ರೇಸಿಯೊಡಿಮಿಯಂ ಅನ್ನುವ ಲೋಹಗಳು ಸರಿಯಾಗಿ ಆ ಹಳದಿಯನ್ನಷ್ಟೇ ನುಂಗುತ್ತವೆ. ಉಳಿದ ಬಣ್ಣಗಳ ತಂಟೆಗೆ ಅಷ್ಟಾಗಿ ಹೋಗುವುದಿಲ್ಲ.

ಇದೇ ನಿಯೊಡಿಮಿಯಂ ಗಾಜನ್ನು 1920ರ ದಶಕದ ಕೊನೆಯಲ್ಲಿ ಝೆಕ್ ನಾಡಿನ ಮೋಸರ್ ಕಾರ್ಖಾನೆ ಹೂದಾನಿ, ಲೋಟಗಳಿಗೆ ತಂದಿತು. ಬಿಸಿಲಿನಲ್ಲಿ ತಿಳಿ ನೇರಳೆ. ಟ್ಯೂಬ್‌ಲೈಟ್ ಕೆಳಗೆ ಇಟ್ಟರೆ ನೀಲಿ. ಬಿಸಿಲಿನಲ್ಲಿ ಎಲ್ಲಾ ಬಣ್ಣಗಳೂ ಒಂದಕ್ಕೊಂದು ಸೇರಿಕೊಂಡಿರುತ್ತವೆ. ಟ್ಯೂಬ್‌ಲೈಟಿನಲ್ಲಿ ಕೆಲವು ಬಣ್ಣಗಳು ಮಾತ್ರ ಜೋರಾಗಿ, ಉಳಿದವು ಇದ್ದೂ ಇಲ್ಲದಂತೆ. ಹಾಗಾಗಿ ಅದೇ ಹಳದಿ ಕತ್ತರಿಸಿ ಹೋದರೂ ಉಳಿಯುವುದು ಬೇರೆ ಬೇರೆ.

ಇಲ್ಲಿ ಸಿ.ವಿ. ರಾಮನ್ ಅವರ ಮಾತು ಬರದೆ ಇರಲು ಸಾಧ್ಯವಿಲ್ಲ. 1933ರಲ್ಲಿ ಬೆಂಗಳೂರಿಗೆ, ಟಾಟಾ ಇನ್‌ಸ್ಟಿಟ್ಯೂಟಿಗೆ ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದ ಮೇಲೆ ಅವರಿಗೆ ಬಣ್ಣದ ಹುಚ್ಚು ಇನ್ನೂ ಜಾಸ್ತಿಯಾಯಿತು. 1934ರಲ್ಲಿ ಹಕ್ಕಿಗಳ ಗರಿಯ ಬಣ್ಣದ ಬಗ್ಗೆ ಬರೆದರು, ಅದರಲ್ಲಿ ಅವರು ನೋಡಿದ್ದು ನೀಲಕಂಠದ ಗರಿ. ಅದು ಈಗ ನಮ್ಮ ರಾಜ್ಯದ ಹಕ್ಕಿ. ಚಿಪ್ಪು, ಮುತ್ತು, ಹರಳು ಎಲ್ಲವನ್ನೂ ಕೂಡಿಟ್ಟರು. 1940ರ ಸುಮಾರಿಗೆ ಅವರ ಗಮನ ಹೋದದ್ದು ಮಣ್ಣಿನಡಿ ಶತಮಾನಗಟ್ಟಲೆ ಹೂತಿದ್ದು ಕೊಳೆತ ಹಳೆಯ ಗಾಜಿನ ಕಡೆಗೆ. ಹೌದು, ಗಾಜು ಕೊಳೆಯುತ್ತದೆ. ಮಣ್ಣಿನ ತೇವ ಅದರೊಳಗಿನ ಸೋಡಾವನ್ನು ನಿಧಾನಕ್ಕೆ ಹೊರಗೆಳೆದು ತೆಳು ಪದರ ಬಿಡುತ್ತದೆ, ಅದರ ಕೆಳಗೆ ಇನ್ನೊಂದು, ಮತ್ತೊಂದು. ಪ್ರತಿ ಪದರದಿಂದಲೂ ಬೆಳಕು ಚೂರುಚೂರು ಹಿಂದೆ ಬರುತ್ತದೆ, ಆ ಚೂರುಗಳು ಕೂಡಿ ಕಳೆದು ನವಿಲುಗರಿಯ ಬಣ್ಣ ಆಗುತ್ತದೆ. ಆ ಬಣ್ಣಗಳಿಗೆ ಪದರಗಳೇ ಕಾರಣ ಅನ್ನುವುದನ್ನು ರಾಮನ್ ಕೂತು ಅಳೆದು ವಿವರಿಸಿದರು.

ಅಗೆದು ತೆಗೆದ ಇಂಥ ರೋಮನ್ ಗಾಜುಗಳನ್ನು ನೋಡಿ ಮರುಳಾಗಿ ನ್ಯೂಯಾರ್ಕಿನ ಲೂಯಿ ಕಂಫರ್ಟ್ ಟಿಫನಿ 1890ರ ದಶಕದಲ್ಲಿ ಅದೇ ಹೊಳಪನ್ನು ಹೊಸ ಗಾಜಿಗೆ ತಂದಿದ್ದ. ಮಣ್ಣು ಶತಮಾನಗಳಲ್ಲಿ ಮಾಡಿದ್ದನ್ನು ಅವನ ಕೆಲಸಗಾರರು ಬಿಸಿ ಗಾಜಿಗೆ ಲೋಹದ ಲವಣದ ಹಬೆ ಹಿಡಿದು ಕ್ಷಣದಲ್ಲಿ ಮಾಡಿದರು. ಚೆನ್ನಾಗಿದೆ, ಆದರೆ ನನ್ನ ಕಣ್ಣಿಗೆ ಒಂಚೂರು ಅಲಂಕಾರ ಜಾಸ್ತಿ. ನನಗೆ ಇಷ್ಟ ಅಮೆರಿಕದ ಲ್ಯಾರಿ ಬೆಲ್. 1960ರ ದಶಕದಿಂದ ಗಾಜಿನ ಹಾಳೆಗಳನ್ನು ಗಾಳಿ ತೆಗೆದ ಉಕ್ಕಿನ ತೊಟ್ಟಿಯಲ್ಲಿಟ್ಟು, ಲೋಹವನ್ನು ಆವಿ ಮಾಡಿ, ಕಣ್ಣಿಗೆ ಕಾಣದಷ್ಟು ತೆಳು ಪದರ ಕೂರಿಸುತ್ತಾರೆ. ಮಸೂರಗಳಿಗೆ ಕೋಟಿಂಗ್ ಕೊಡುವ ಅದೇ ವಿಧಾನ. ಪದರ ಒಂದು ಕಡೆ ದಪ್ಪ, ಇನ್ನೊಂದು ಕಡೆ ಬರುತ್ತಾ ಬರುತ್ತಾ ಇಲ್ಲವೇ ಇಲ್ಲ. ಆ ಹಾಳೆಗಳಿಂದ ಮಾಡಿದ ಒಂದು ಸಾದಾ ಪೆಟ್ಟಿಗೆ. ಸುತ್ತ ನಡೆದರೆ ಒಂದು ಮೂಲೆ ಕನ್ನಡಿಯಾಗುತ್ತದೆ, ಇನ್ನೊಂದು ಹೆಜ್ಜೆಗೆ ಪಾರದರ್ಶಕವಾಗುತ್ತದೆ, ಮತ್ತೊಂದಕ್ಕೆ ಹೊಗೆಯ ಬಣ್ಣ. ಫೋಟೋದಲ್ಲಿ ಇದರ ಕಾಲು ಭಾಗವೂ ಬರುವುದಿಲ್ಲ, ಹಾಗಾಗಿ ಫೋಟೋ ಹುಡುಕುವ ಕಷ್ಟ ತೆಗೆದುಕೊಳ್ಳಬೇಡಿ.

ಒಂದೇ ಒಂದು ತಕರಾರಿದೆ. ಯಾವ ಮ್ಯೂಸಿಯಮ್ಮಿಗೆ ಹೋದರೂ ಗಾಜಿನ ಕೃತಿಯ ಪಕ್ಕದ ಚೀಟಿಯಲ್ಲಿ ಕಲಾವಿದರ ಹೆಸರು, ವರ್ಷ, 'ಎರಕದ ಗಾಜು' ಅಂತ ಇರುತ್ತದೆ, ಉದ್ದಗಲ ಮಿಲಿಮೀಟರಿನ ತನಕ ಇರುತ್ತದೆ. ಬೆಳಕಿನ ಬಗ್ಗೆ ಒಂದಕ್ಷರ ಇರುವುದಿಲ್ಲ. ಈಗ ಎಲ್ಲಾ ಕಡೆ ಹಳೆಯ ಬಲ್ಬ್ ತೆಗೆದು ಎಲ್ಇಡಿ ಹಾಕುತ್ತಿದ್ದಾರೆ. ಎಣ್ಣೆಬಣ್ಣದ ಚಿತ್ರವೂ ಅದರಿಂದ ಸ್ವಲ್ಪ ಬದಲಾಗಬಹುದು, ಆದರೆ ನಿಯೊಡಿಮಿಯಂ ಹೂದಾನಿಗೆ ಅದು ಬಣ್ಣವನ್ನೇ ಬದಲಿಸಿದ ಹಾಗೆ. ದೀಪ ಹಿಂದಿನಿಂದ ಮುಂದಕ್ಕೆ ಸರಿದರೆ ಲೈಕರ್ಗಸ್ ಬಟ್ಟಲು ಬೇರೆಯೇ ಬಟ್ಟಲು. ಯಾವ ದೀಪ, ಯಾವ ದಿಕ್ಕಿನಿಂದ, ಕಲಾವಿದರು ಮೊದಲು ನೋಡಿದ್ದು ಬಿಸಿಲಿನಲ್ಲೋ ಬಲ್ಬಿನಲ್ಲೋ, ಅಷ್ಟನ್ನು ಚೀಟಿಯಲ್ಲಿ ಒಂದು ಸಾಲು ಬರೆದರೆ ಏನು ಗಂಟು ಹೋಗುತ್ತದೆ? ಮುಂದಿನ ಸಲ ಯಾವುದಾದರೂ ಗ್ಯಾಲರಿಯಲ್ಲಿ ಗಾಜು ನೋಡಿದಾಗ ಅಲ್ಲಿನವರನ್ನು ಇದನ್ನು ಕೇಳಿ. ನಾನು ಕೇಳಿದ ಕಡೆಗಳಲ್ಲಿ ಹೆಚ್ಚಿನವರು ತಲೆಯೆತ್ತಿ ಸೀಲಿಂಗಿನ ದೀಪ ನೋಡಿದರು, ಒಬ್ಬರಂತೂ ಎಲೆಕ್ಟ್ರಿಷಿಯನ್ ನಂಬರ್ ಕೊಟ್ಟರು.